ಗಾಜಿನ ಬಾಗಿಲ ಮೇಲಿನ ಕಣ್ಣು

ನನ್ನ ಹೆಸರು ದೀಪ್ತಿ, ಗಂಡ ಕಶ್ಯಪ್, ವಯಸ್ಸು 31 ವರ್ಷ, ನರ್ಸರಿ ಶಾಲೆ ಶಿಕ್ಷಕಿ, ವಾಸ ಬಸವೇಶ್ವರನಗರ 3ನೇ ಹಂತ. ಈ ದಿನ ನಮ್ಮ ತಂದೆ ಗೋಪೀನಾಥ ಅವರೊಂದಿಗೆ ಠಾಣೆಗೆ ಬಂದು ಬರೆಸುವುದೇನೆಂದರೆ:

ನನ್ನ ಗಂಡ ಒಂದು ಕ್ರೀಮ್ ಕಂಪನಿಯ ಸೇಲ್ಸ್ ಕೆಲಸದಲ್ಲಿದ್ದಾರೆ. ವಿಟಮಿನ್ ಕೆ ಇರುವ ಕ್ರೀಮನ್ನು ಮೆಡಿಕಲ್ ಸ್ಟೋರ್ ಮತ್ತು ಬ್ಯೂಟಿ ಪಾರ್ಲರ್‌ಗಳಿಗೆ ಹಾಕುತ್ತಾರೆ. ಕಣ್ಣಿನ ಸುತ್ತಲ ಕಪ್ಪು, ಪೆಟ್ಟಿನ ಕಲೆ ಹೋಗುತ್ತದೆಂದು ಅದರ ಡಬ್ಬಿಯ ಮೇಲೆ ಬರೆದಿದೆ.

ದಿನಾಂಕ 17-08-2025ರಂದು ಬೆಳಗ್ಗೆ ಸುಮಾರು 9 ಗಂಟೆಗೆ, ದೋಸೆ ಸೀದಿದೆ ಎಂಬ ಕಾರಣಕ್ಕೆ ಅವರು ನನ್ನ ಎಡಗಣ್ಣಿನ ಕೆಳಗೆ ಮುಷ್ಟಿಯಿಂದ ಗುದ್ದಿದರು. ಅತ್ತೆ ಅನಂತಲಕ್ಷ್ಮಿಯವರು ಅಡುಗೆಮನೆ ಬಾಗಿಲಲ್ಲೇ ಇದ್ದರು. ಗೌರಿ ಹಬ್ಬಕ್ಕೆ ತವರಿನವರು ಬಾಗಿನ ತರುವುದರೊಳಗೆ ಇವಳ ಮುಖ ಸರಿಯಾಗಬೇಕೆಂದು ಮಗನಿಗೆ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಕಪ್ಪುಗಟ್ಟಿತು. ಗಂಡ ಬ್ಯಾಗಿನಿಂದ ಸ್ಯಾಂಪಲ್ ಟ್ಯೂಬ್ ತೆಗೆದರು. ಹಚ್ಚುವ ಮೊದಲು ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಫೋಟೋ ತೆಗೆದರು. ನಾನು ಅಳುತ್ತಿದ್ದೆ. "ಅಲ್ಲಾಡ್ಬೇಡ ಕಣೇ, ಶೇಕ್ ಆಗುತ್ತೆ" ಎಂದರು. ಆಮೇಲೆ ಹಬ್ಬದವರೆಗೂ ದಿನಾ ಅವರೇ ಕೂತು ಹಚ್ಚಿದರು, ಮೃದುವಾಗಿ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರ ಬಗ್ಗೆ ಕೇಳಿದ್ದೆ, ನೋಡಿರಲಿಲ್ಲ.

ಹಬ್ಬದ ಹೊತ್ತಿಗೆ ಕಲೆ ಹೋಗಿತ್ತು. ಕ್ರೀಮಿನಿಂದ ಹೋಯಿತೋ, ತಾನಾಗಿ ಮಾಯಿತೋ ನನಗೆ ತಿಳಿಯದು. ಅದೇ ಕಿಟಕಿಯಲ್ಲಿ ಮತ್ತೆ ಫೋಟೋ ಆಯಿತು. ತಂದೆ ಬಾಗಿನ ತಂದಾಗ ಅವರನ್ನು ಟೆರೇಸಿಗೆ ಕರೆದು ಎಲ್ಲವನ್ನೂ ಹೇಳಿದೆ. ಅವರು ನನ್ನ ಗಲ್ಲ ಹಿಡಿದು ನೋಡಿ, ಮುಖ ಲಕ್ಷಣವಾಗೇ ಇದೆಯಲ್ಲಮ್ಮಾ, ಸಣ್ಣಪುಟ್ಟದ್ದನ್ನು ದೊಡ್ಡದು ಮಾಡಬೇಡ ಎಂದು ಬುದ್ಧಿ ಹೇಳಿ, ಊಟ ಮುಗಿಸಿ ಹೋದರು. ಆ ದಿನ ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಗಂಡನ ಮೇಲೂ ಬಂದಿರಲಿಲ್ಲ.

ನಿನ್ನೆ ಸಂಜೆ ಗಂಡ, ಕಂಪನಿಯವರು ಇನ್ನೊಂದು ಜೊತೆ ಫೋಟೋ ಕೇಳಿದ್ದಾರೆ, ಈ ಸಲ ಕೆನ್ನೆಯದು ಬೇಕಂತೆ ಎಂದು ನಕ್ಕರು. ಅತ್ತೆಯೂ ನಕ್ಕರು. ನಾನು ಹೆದರಿ ಬೇರೆ ರೂಮಿನ ಚಿಲಕ ಹಾಕಿಕೊಂಡು ಮಲಗಿದೆ.

ಈ ದಿನ ಬೆಳಗ್ಗೆ ತಂದೆ ವಿಜಯನಗರದ ತಮ್ಮ ಮನೆ ಹತ್ತಿರದ ಮೆಡಿಕಲ್ ಸ್ಟೋರಿಗೆ ಬಿಪಿ ಮಾತ್ರೆಗೆ ಹೋಗಿದ್ದಾಗ, ಗಾಜಿನ ಬಾಗಿಲಿಗೆ ಅಂಟಿಸಿದ್ದ ಕ್ರೀಮಿನ ಜಾಹೀರಾತು ನೋಡಿದರಂತೆ. ಅದರಲ್ಲಿ ಒಂದೇ ಕಣ್ಣಿನ ಎರಡು ಚಿತ್ರಗಳಿವೆ, ಒಂದು ಕಪ್ಪುಗಟ್ಟಿದ್ದು, ಒಂದು ವಾಸಿಯಾದದ್ದು. ಪೂರ್ತಿ ಮುಖವಿಲ್ಲ. ಆದರೆ ಹುಬ್ಬಿನ ತುದಿಯಲ್ಲಿ ನನ್ನ ಮಚ್ಚೆಯಿದೆ. ನಾನು ಚಿಕ್ಕವಳಿದ್ದಾಗ, ನಮ್ಮ ಮಗುವಿಗೆ ದೃಷ್ಟಿಬೊಟ್ಟು ದೇವರೇ ಇಟ್ಟು ಕಳಿಸಿದ್ದಾನೆಂದು ತಂದೆ ಹೇಳುತ್ತಿದ್ದದ್ದು ಆ ಮಚ್ಚೆ ನೋಡಿಯೇ. ಅವರು ಅದನ್ನು ಕಿತ್ತುಕೊಂಡು ಆಟೋದಲ್ಲಿ ನಮ್ಮ ಮನೆಗೆ ಬಂದರು. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು "ನಡಿಯಮ್ಮಾ" ಎಂದರು.

ಗಾಯದ ಗುರುತೇನಾದರೂ ಇದೆಯೇ ಎಂದು ತಾವು ಕೇಳಿದಿರಿ. ನನ್ನ ಮುಖದ ಮೇಲೆ ಏನೂ ಇಲ್ಲ. ಸದರಿ ಜಾಹೀರಾತನ್ನು ಹಾಜರುಪಡಿಸಿದ್ದೇನೆ, ಕಿತ್ತಾಗ ಒಂದು ಮೂಲೆ ಹರಿದಿದೆ. ಮಗಳು ಬಾಯಿಬಿಟ್ಟು ಹೇಳಿದಾಗ ನಂಬದ ತಂದೆ ಅಂಗಡಿ ಬಾಗಿಲು ನೋಡಿ ನಂಬಿದರು. ತಾವೂ ಅದನ್ನು ನೋಡಿಯೇ ನಂಬಿದರೂ ನನಗೆ ಬೇಸರವಿಲ್ಲ. ಕೆನ್ನೆಯ ಚಿತ್ರ ಬರುವವರೆಗೆ ಮಾತ್ರ ಕಾಯಬೇಡಿ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಬೆಂಗಳೂರು
ದಿನಾಂಕ: 12-10-2025
ಸಹಿ/- ದೀಪ್ತಿ