ಹದಿಮೂರನೇ ತಲಿ

ಆ ಲೈಟ್ ಆರಸ್ರಿ, ಹೇಳ್ತೀನಿ. ಇದು ನಮ್ಮ ಚಿಗವ್ವ ಶೇಖರಮ್ಮಗ ಆದದ್ದು. ಎಲ್ಲೋ ಕೇಳಿದ್ದಲ್ಲ... ಮರುದಿನ ಮುಂಜಾನೆ ನಾನು ಆಕಿ ಮನ್ಯಾಗಽ ಇದ್ದೆ.

ಚಿಗವ್ವ ಯಲಬುರ್ಗಾದಾಗ ಸಾಲಿ ಟೀಚರ್ ಇದ್ಲು. ರಿಟೈರ್ ಆದಮ್ಯಾಲ ಹೆಣ್ಣಮಕ್ಕಳನ್ನ ಕಟಗೊಂಡು ಟೂರ್ ಹೋಗೂದು ಹಿಡಿದ್ಲು. ಕಾಶಿ ಆತು, ನೇಪಾಳ ಆತು. ಆಕಿ ಜೋಡಿ ಹೋಗೋದಿದ್ರ ಆಕಿ ಹೇಳಿದಂಗ ಕೇಳಬೇಕು. ಹೊಸಾ ಚಪ್ಪಲಿ ಮೆಟ್ಟಿಕೊಂಡು ಬರಬಾರದು. ಪಾಸ್‌ಪೋರ್ಟಿಂದು ಎರಡು ಝೆರಾಕ್ಸ್, ಒಂದು ಬ್ಯಾಗಿನ್ಯಾಗ, ಒಂದು ಮೈಮ್ಯಾಲ. ಕಟಿರೊಟ್ಟಿ ಬಟ್ಟ್ಯಾಗ ಸುತ್ತಬೇಕು, ಪ್ಲಾಸ್ಟಿಕ್‌ನ್ಯಾಗ ಮೆತ್ತಗಾಗ್ತಾವ. ಗಾಡಿ ಬಿಡೂಕಿಂತ ಮೊದ್ಲು ತಲಿ ಎಣಿಸಬೇಕು, ಅದೂ ಮುಟ್ಟಿ ಎಣಿಸಬೇಕು. ಪ್ರಯಾಣದಾಗ ಕಣ್ಣಿನ ಮ್ಯಾಲ ನಂಬಿಗಿ ಇಡಬ್ಯಾಡ್ರಿ ಅಂತಿದ್ಲು.

ಎರಡು ವರ್ಷದ ಹಿಂದ ಶ್ರೀಲಂಕಾಕ್ಕ ಹೋದ್ರು. ಎಂಟು ದಿನ. ಚಿಗವ್ವನ್ನ ಬಿಟ್ಟು ಹನ್ನೆರಡು ಮಂದಿ. ಖರೆ ಅಂದ್ರ ಹದಿಮೂರು ಆಗಬೇಕಿತ್ತು. ನಮ್ಮ ಹಿಂದಿನ ಓಣ್ಯಾಗ ಹೊಲಿಗಿ ಕೆಲಸ ಮಾಡೂ ಲಲಿತಾ ಅಂತ ಒಬ್ಬಾಕಿ ಹೆಸರು ಕೊಟ್ಟಿದ್ಲು. ಸಮುದ್ರ ನೋಡಿದಾಕಿ ಅಲ್ಲ. ಪಾಸ್‌ಪೋರ್ಟ್ ಬಂದ ದಿನ ಮನಿಮನಿಗೆ ತೋರಿಸಿದ್ಲು. ಹೊಂಡಾಕ ಹತ್ತು ದಿನ ಇದ್ದಾಗ ಜ್ವರ ಬಂತು. ಟೂರ್ ತಪ್ಪತೈತಿ ಅಂತ ಮನ್ಯಾಗ ಬಾಯಿ ಬಿಡಲಿಲ್ಲ, ಚಿಗವ್ವನ ಮುಂದ ಮಾತ್ರ ಹೇಳಿದ್ಲು. ಚಿಗವ್ವ ಟೂರಿಗಂತ ತಂದಿಟ್ಟ ಗುಳಿಗಿ ನಾಕು ಕೊಟ್ಟು, ಆರಾಮಾಗತೈತಿ ಹೋಗವಾ, ಮಲಕ್ಕೋ ಅಂತ ಕಳಿಸಿದ್ಲು. ಅದು ಡೆಂಗಿ ಇತ್ತು... ಐದನೇ ದಿನಕ್ಕ ಲಲಿತಾ ತೀರಿಹೋದ್ಲು.

ಟಿಕೆಟ್ ಆಗ್ಯಾವ, ಇನ್ನೇನು ಮಾಡೂದು ಅಂತ ಉಳದವರು ಹೋದ್ರು. ಯಾರಿಗೂ ಹುರುಪಿರಲಿಲ್ಲ. ಕ್ಯಾಂಡಿಯೊಳಗ, ಸಮುದ್ರದ ದಂಡಿಯೊಳಗ, ಊಟಕ್ಕ ಕುಂತಲ್ಲೆಲ್ಲಾ ಒಂದು ತಾಟು ಹೆಚ್ಚಿಗಿ ಇಟ್ಟಿರ್ತಿದ್ರು. ಮೊದಲು ಬರೆಸಿದ ಹೆಸರು ತೆಗೆದಿರಲಿಕ್ಕಿಲ್ಲ ಅಂತ ಚಿಗವ್ವ ಸುಮ್ಮನಾದ್ಲು.

ತಿರುಗಿ ಬೆಂಗಳೂರಿಗೆ ಇಳದಾಗ ಸಂಜಿ. ನಮ್ಮೂರ ರಫಿ ಟೆಂಪೊ ಟ್ರಾವೆಲರ್ ತಂದು ನಿಂತಿದ್ದ. ಎಲ್ಲಾರ ಕಾಲು ಬಾತಿದ್ವು, ಮಾತಾಡೂ ತ್ರಾಣ ಇರಲಿಲ್ಲ. ಚಿತ್ರದುರ್ಗದಾಗ ಲಾಡ್ಜ್ ಮಾಡೂನು ಅಂತ ಚಿಗವ್ವ ಅಂದ್ರ ಯಾರೂ ಒಪ್ಪಲಿಲ್ಲ, ಮನಿ ಮುಟ್ಟಿದ್ರ ಸಾಕಾಗಿತ್ತು. ನೀವು ಹಂಗ ಮಾಡಬ್ಯಾಡ್ರಿ... ದಣದಾಗ ಮಲಗಿ, ಬೆಳಕು ಹರದ ಮ್ಯಾಲ ಹೊಂಡ್ರಿ.

ಹಿಟ್ನಾಳದಾಗ ಚಹಾ ಕುಡದಾಗ ರಾತ್ರಿ ಒಂದೂವರಿ. ಅಲ್ಲೆ ಎಣಿಸಿದ್ಲು. ಹನ್ನೆರಡು.

ಕೊಪ್ಪಳ ದಾಟಿ ಒಂದೀಟು ದೂರ ಬಂದಿದ್ರು. ಒಬ್ಬಾಕಿಗೆ ಹೊಟ್ಟಿ ತೊಳಸಾಕ ಹತ್ತಿತು. ರಸ್ತೆ ಬಾಜೂಕ ದೊಡ್ಡ ಆಲದ ಗಿಡ, ಅದರ ಬುಡಕ ಹಾಳು ಬಾಂವಿ. ರಫಿ ಅಲ್ಲೆ ನಿಲ್ಲಿಸಿದ. ಇಂಡಿಕೇಟರ್ ಟಿಕ್... ಟಿಕ್... ಅಂತಿತ್ತು. ನಾಕೈದು ಮಂದಿ ಇಳದ್ರು. ಗಾಳಿ ಇರಲಿಲ್ಲ, ಒಂದು ಎಲಿ ಅಲಗಾಡತಿರಲಿಲ್ಲ. ಬಾಂವಿ ಮ್ಯಾಲಿನ ರಾಟಿ ಮಾತ್ರ ಕಿರ್‌ರ್... ಅಂತ ಒಂದು ಸುತ್ತು ತಿರುಗಿ ನಿಂತಿತು. ಅದಕ್ಕ ಹಗ್ಗಽ ಇರಲಿಲ್ಲ.

ಎಲ್ಲಾರೂ ತಿರುಗಿ ಹತ್ತಿದ್ರು. ಒಳಗಿನ ಲೈಟ್ ಹತ್ತವಲ್ದು. ಚಿಗವ್ವ ಕತ್ತಲದಾಗಽ ಮುಂದಿಂದ ಹಿಂದಕ್ಕ ತಲಿ ಮುಟಗೋತ ಹ್ವಾದ್ಲು. ಹತ್ತು... ಹನ್ನೊಂದು... ಹನ್ನೆರಡು. ಕಟ್ಟಕಡೀಗೆ ಕಿಡಕಿ ಬಾಜೂಕಿನ ಸೀಟು ಖಾಲಿ ಬಂದಿತ್ತು. ರೂಢಿ ನೋಡ್ರಿ, ಅಲ್ಲಿಗೂ ಕೈ ಹೋತು.

ತಲಿ ಇತ್ತು.

ಸೆರಗು ಹೊದ್ದಿತ್ತು. ಕೂದಲಾ ತಣ್ಣಗ, ಹಸಿ ಇದ್ವು.

ಚಿಗವ್ವ ಮುಂದ ಬಂದು ಮತ್ತೊಮ್ಮೆ ಎಣಿಸಿದ್ಲು. ಹದಿಮೂರು. ಉಳದವರೆಲ್ಲಾ ಬಾಯಿ ತಕ್ಕೊಂಡು ನಿದ್ದಿಗಿಳದಿದ್ರು. ಎಬ್ಬಿಸಿದ್ರ ಕತ್ತಲದಾಗ ಇಳದು ಓಡ್ತಾರ, ಏನರ ಆಗತೈತಿ ಅಂತ ಆಕಿ ಯಾರಿಗೂ ಹೇಳಲಿಲ್ಲ. ಬಂದು ರಫಿ ಬಾಜೂಕ ಕುಂತ್ಲು. ಅಂವ ಕನ್ನಡಿ ನೋಡಿ ಆಗ್ಲೇ ಬೆವತಿದ್ದ.

ಟೀಚರ್, ಗಾಡಿ ಹೊಳ್ಳಸ್ಲಿ ಏನ್ರಿ, ಆ ಗಿಡದ ಕಡೆ ಬಿಟ್ಟು ಬರೂನು ಅಂತ ಪಿಸುಗುಟ್ಟಿದ.

ಚಿಗವ್ವ ಅಂದ್ಲು, "ಯಾರನ್ನೂ ದಾರ್‍ಯಾಗ ಬಿಟ್ಟು ಬಂದಾಕಿ ಅಲ್ಲ ನಾನು. ಊರಿಗೆ ನಡಿ."

ರಫಿ ಬಾಯಾಗ ದುವಾ ಅನಕೋತ ಗಾಡಿ ಹೊಡದ. ಯಲಬುರ್ಗಾದಾಗ ಒಬ್ಬೊಬ್ಬರನ್ನ ಅವರವರ ಬಾಗಲಿಗೆ ಇಳಿಸಿದ್ರು. ನಿದ್ದಿಗಣ್ಣಾಗ ಬ್ಯಾಗ್ ಎಳಕೊಂಡು ಹ್ವಾದ್ರು, ಹಿಂದ ಹೊಳ್ಳಿ ನೋಡಲಿಲ್ಲ. ಹನ್ನೆರಡು ಮಂದೀನೂ ಇಳದ್ರು. ಹಿಂದಿನ ಸೀಟು ಮಾತ್ರ... ಕಿಚ್... ಕಿಚ್... ಅಂತಿತ್ತು.

ಲಲಿತಾನ ಓಣಿ ಸಣ್ಣದು, ಗಾಡಿ ಹೋಗೂದಿಲ್ಲ. ಮೂಲ್ಯಾಗ ನಿಂತಿತು. ಚಿಗವ್ವ ಇಳದು, ಬಾಗಲ ತಗದು, ಮಾರಿ ಆಕಡೆ ಮಾಡಿ ನಿಂತ್ಲು.

"ಲಲಿತಾ... ಇಳಿಯವಾ. ಮನಿ ಬಂತು."

ಮೆಟ್ಟಲ ಮ್ಯಾಲ ಹೆಜ್ಜಿ ಸಪ್ಪಳಾತು. ಚಪ್... ಚಪ್... ಹಸಿಗಾಲಿನ ಸಪ್ಪಳ.

ಚಿಗವ್ವ ಮುಂದ, ಆ ಸಪ್ಪಳ ಹಿಂದ. ಓಣ್ಯಾಗ ಬೀದಿ ದೀಪ ಇರಲಿಲ್ಲ. ನಾಯಿಗೋಳು ಎದ್ದು, ಬೊಗಳಲಾರದ, ಬಾಲ ಮುದುಡಿಕೊಂಡು ಸರದು ಹೋದ್ವು. ಓಡಬೇಕು ಅನ್ನಸಿದ್ರೂ ಓಡೂ ತಾಕತ್ತಿರಲಿಲ್ಲ ಅಂತ ಆಕೀನಽ ನನಗ ಹೇಳ್ಯಾಳ. ಅರ್ಧ ಓಣಿ ದಾಟಿದ ಮ್ಯಾಲ ಕಿವಿ ಹಂತ್ಯಾಕ ದನಿ ಬಂತು.

"ಅಕ್ಕಾ... ಭಾಳ ದಣಿದೀನ್ರಿ."

"ನಾನೂ ದಣಿದೀನವಾ. ಇನ್ನ ನಾಕ ಹೆಜ್ಜಿ."

ಮತ್ತ ಸ್ವಲ್ಪ ನಡದ್ರು. ಚಿಗವ್ವಗ ತಡಿಯಾಕ ಆಗಲಿಲ್ಲ. ಗುಳಿಗಿ ಕೊಟ್ಟು ಕಳಸಬಾರದಿತ್ತು ನಾನು, ದವಾಖಾನಿಗೆ ಕರಕೊಂಡು ಹೋಗಬೇಕಿತ್ತು, ತಪ್ಪಾತು ಅಂತ ಅಂದ್ಲು. ಲಲಿತಾನ ಮನಿ ಕಟ್ಟಿ ಮುಂದ ಹೆಜ್ಜಿ ನಿಂತ್ವು. ಚಿಲಕ ಟಕ್ ಅಂತು. ಚಿಗವ್ವ ಹೊಳ್ಳಿ ನೋಡಲಿಲ್ಲ, ಬಂದ ದಾರೀಲೆ ಗಾಡಿಗೂ ಹೋಗಲಿಲ್ಲ. ಸುತ್ತಹಾಕಿ ಮನಿಗೆ ಬಂದು ಕಟ್ಟಿ ಮ್ಯಾಲ ಬಿದ್ದಕೊಂಡ್ಲು. ನಾನಽ ಒಳಗ ಕರಕೊಂಡೆ. ಕೈ ಮಂಜುಗಡ್ಡಿ ಆಗಿತ್ತು.

ಮುಂದ ಮೂರು ದಿನ ಚಿಗವ್ವ ಏಳಲಿಲ್ಲ. ಈಗೂ ಟೂರ್ ಹೋಗ್ತಾಳ, ಆದ್ರ ಯಾರರ ಮೈ ಬಿಸಿ ಐತಿ ಅಂದ್ರ ಮೊದಲು ದವಾಖಾನಿ. ರಫಿ ಹೊತ್ತು ಮುಳಗಿದ ಮ್ಯಾಲ ಬಾಡಿಗಿ ಹಿಡಿಯೂದಿಲ್ಲ, ಬೇಕಾದ್ರ ಕೇಳ್ರಿ, ಸ್ಟ್ಯಾಂಡಿನ್ಯಾಗ ಇರ್ತಾನ.

ಆ ಮುಂಜಾನೆ ಆರಕ್ಕ ಲಲಿತಾನ ಅತ್ತಿ ದುರಗಮ್ಮ ಚಿಗವ್ವನ ಬಾಗಲಿಗೆ ಬಂದಿದ್ಲು. ಆಕಿಗೆ ಇದ್ಯಾವುದೂ ಗೊತ್ತಿಲ್ಲ, ಇವತ್ತಿಗೂ ನಾವು ಹೇಳಿಲ್ಲ. ಒಂದು ಕೊಡ ನೀರು ಕೊಡ್ರಿ ಅಂದ್ಲು. ನಿನ್ನೆನಽ ನಳ ಬಂದಿತ್ತಲ್ಲಾ ಅಂದೆ. ಬಂದಿತ್ತವಾ, ಎರಡು ಕೊಡ ತುಂಬಿಟ್ಟಿದ್ದೆ, ಈಗ ನೋಡಿದ್ರ ಎರಡೂ ಖಾಲಿ, ಮುಚ್ಚಿದ ತಾಟು ಮುಚ್ಚಿದಂಗಽ ಐತಿ, ನೆಲಾ ಒಣಾ ಐತಿ ಅಂದ್ಲು. ಆಕಿ ಕೊಡಾ ನಾನಽ ತುಂಬಿ ಕೊಟ್ಟೀನ್ರಿ... ಈ ಕೈಲೇ.