ಆರು ರೊಟ್ಟಿ

ಗದಗಿನ ದವಾಖಾನ್ಯಾಗ ಮಂಡಿನೋವು ತೋರಸಾಕ ಕುಂತಿದ್ದ ಕಸ್ತೂರೆವ್ವ ಮಂದಿ ಮಾತಿಗೆ ಕಿವಿ ಕೊಡಾಕಿ ಅಲ್ಲ. ಆದ್ರ ಬಾಜೂಕ ಕುಂತ ಅಕ್ಕ-ತಮ್ಮನ ಮಾತು ತಾನಾಗೇ ಕಿವ್ಯಾಗ ಬಿತ್ತು.

"ವೀರು ಗಾಂಜಾ ಸೇದೂದು ನಿನಗ ತಿಳೀಲೇ ಇಲ್ಲೇನಕ್ಕಾ?"

"ಹೆಂಗ ತಿಳೀಬೇಕೋ ಹೊನ್ನೇಶಾ? ನಮ್ಮ ಕಾಲದ ಸಿನಿಮಾದಾಗ ಸೇದಾಂವಗ ಕಣ್ಣು ಕೆಂಡ ಇರ್ತಿದ್ವು, ಹಡದವ್ವನ್ನ ಬಡೀತಿದ್ದ."

"ಈಗಿನ ಸಿನಿಮಾದಾಗ ಹೀರೋನ ಗೆಳ್ಯಾ ಸೇದಿ ಮಂದೀನ ನಗಸ್ತಾನ."

"ನನ್ನ ಮಗ ಬಡೀಲೂ ಇಲ್ಲ, ನಗಸಲೂ ಇಲ್ಲ. ಸುಮ್ನ ಗ್ವಾಡಿ ನೋಡ್ಕೋತ ಕುಂಡ್ರತಿದ್ದ. ಎರಡು ರೊಟ್ಟಿ ಉಣ್ಣಾಂವ ಆರು ಉಣ್ಣಾಕತ್ತಿದ. ಮಗ ಮೈ ಹಿಡದಾನಂತ ದೇವರಿಗೆ ಕಾಯಿ ಒಡಸಿದ್ನೋ!"

"ಅದು ಗಾಂಜಾದ ಹಸಿವು, ಅಕ್ಕಾ."

ನರ್ಸ್ ಒಳಗಿಂದ ವೀರೂನ ಮನಿಯವ್ರನ್ನ ಕರದ್ಲು.

ತಮ್ಮ ಅಂದ, "ರೊಟ್ಟಿ ಗಂಟು ಇಲ್ಲೇ ಇಡು. ಇಲ್ಲಿ ಸೇರಿಸಿ ನಾಕು ದಿನಾತು, ಗಾಂಜಾ ತಲಿಗೇರಿ ಅಂವ ನಿನ್ನ ಗುರ್ತ ಸೈತ ಹಿಡೀವಲ್ಲ."

ಅಕ್ಕ ಗಂಟು ಎದಿಗೆ ಅವಚಿಕೊಂಡು ಎದ್ಲು.

"ನನ್ನ ಗುರ್ತ ಬಿಡೋ. ರೊಟ್ಟಿ ಗುರ್ತಾದ್ರೂ ಹಿಡದಾನು."