ಬೆಚ್ಚಗಿನ ಕಲ್ಲು

ಆರೆಗಾನಿನ ಹಳೇ ಜ್ವಾಲಾಮುಖಿ ಬೆಟ್ಟದ ಮಗ್ಗುಲಿಗೆ ಕಲ್ಲಿನ ತಂಗುಮನೆಯೊಂದಿತ್ತು. ಆ ಸಂಜೆ ಮಳೆಗೆ ಅಲ್ಲಿ ಸಿಕ್ಕಿಕೊಂಡವರು ಮೂವರೇ. ಚಾರಣಕ್ಕೆ ಬಂದವರ ಸಾಮಾನನ್ನು ಹೇಸರಗತ್ತೆಗಳ ಮೇಲೆ ಹೊರಿಸುತ್ತಲೇ ಮುದುಕಿಯಾದ ಅರ್ಡಿತ್, ಮತ್ತೆ ಹೊಸದಾಗಿ ಮದುವೆಯಾದ ಕೆಲ್ಬಿ, ಮ್ಯಾರೆನ್. ಕೆಲ್ಬಿ ಬೇಗ ಬಂದು ಕಾಫಿ ಕಾಸಿಕೊಂಡಿದ್ದ. ಮ್ಯಾರೆನ್ ಬಂದದ್ದು ಅವನ ಲೋಟ ಖಾಲಿಯಾದ ಮೇಲೆ, ತೊಪ್ಪೆಯಾಗಿ, ಒಬ್ಬಳೇ. ಅವನ ಮುಖ ನೋಡದೆ ಒಲೆಯ ಆಚೆ ಬದಿಗೆ ಕೂತಳು.

"ಇವಳ ಜೊತೆ ಹೊರಟರೆ ಬಸವನಹುಳ ಮೊದಲು ಮುಟ್ಟುತ್ತೆ," ಅಂದ ಕೆಲ್ಬಿ.

ಅರ್ಡಿತ್ ನಗಲಿಲ್ಲ. ಒಲೆಗೆ ಕೊರಡು ತಳ್ಳಿದಳು.

"ಕೇಳು ಹುಡುಗಾ. ಆರಿನ್ ಅಂತ ಒಬ್ಬನಿದ್ದ, ನಿನ್ನ ಹಾಗೇ ಉದ್ದ ಕಾಲಿನೋನು. ಹೆಂಡತಿ ನೆಲ್ಡ. ಹಕಲ್‌ಬೆರಿ ಹಣ್ಣಾಗೋ ಕಾಲಕ್ಕೆ ಇಬ್ಬರೂ ತಪ್ಪದೆ ಬರೋರು. ಮೇಲೆ ಆ ಲಾವಾ ಬಯಲು ಇದೆಯಲ್ಲ... ಬರೀ ಕರೀಕಲ್ಲು, ದಾರಿ ಅಂತ ಏನಿದೆ ಅಲ್ಲಿ? ಗುರುತಿಗೆ ಪೇರಿಸಿಟ್ಟ ಕಲ್ಲಿನ ಗುಪ್ಪೆಗಳನ್ನ ನೋಡ್ಕೊಂಡು ನಡೀಬೇಕು. ಮುಂದೆ ಹೋದೋರು ಗುಪ್ಪೆ ಹತ್ರ ಕೂತು, ಹಿಂದಿನೋರ ಮುಖ ಕಂಡ ಮೇಲೇ ಏಳಬೇಕು, ಅದು ಇಲ್ಲಿನ ಪದ್ಧತಿ. ಒಂದು ಸಲ ಮಾತಿಗೆ ಮಾತು ಬೆಳೆದು ಆರಿನ್ ಕೂರಲಿಲ್ಲ. ಮಂಜು ಇಳೀತು... ನೆಲ್ಡ ಬರಲೇ ಇಲ್ಲ.

"ಆಮೇಲೆ ವರ್ಷಾ ವರ್ಷಾ ಒಬ್ಬನೇ ಬಂದ. ಪ್ರತಿ ಗುಪ್ಪೆ ಹತ್ರಾನೂ ಕೂತು ಹಿಂದಕ್ಕೆ ನೋಡೋನು. ಚೀಲದಲ್ಲಿ ಎರಡು ಲೋಟ ಇರೋವು... ಇನ್ನೊಂದು ಯಾರಿಗೆ ಅಂತ ಕೇಳೋದು ಹೇಗೆ? ಕೊನೇ ಸಲ ನಾನೂ ಜೊತೆಗಿದ್ದೆ. ಮಂಜಲ್ಲಿ ಹೊಸದೊಂದು ಗುಪ್ಪೆ ಕಾಣ್ತು, ಚೂರೂ ಕಲ್ಲುಹೂವು ಹಿಡಿದಿರಲಿಲ್ಲ. ಅದರಾಚೆ ಇನ್ನೊಂದು. ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಅವನು ನನ್ನ ಕೈ ಇಡಿಸಿದ. ಬೆಚ್ಚಗಿತ್ತು, ಯಾರೋ ಈಗ ತಾನೇ ಎದ್ದು ಹೋದ ಹಾಗೆ. 'ಈ ಸಲ ಅವಳು ಮುಂದಿದಾಳೆ ಅರ್ಡಿತ್, ನನಗೆ ಕಾಯ್ತಿದಾಳೆ,' ಅಂದ. ಆಚೆ ಗುಪ್ಪೆ ಕಡೆ ನಡೆದೇಬಿಟ್ಟ. ಕೂಗಿದೆ, ತಿರುಗಲಿಲ್ಲ. ಮಂಜು ಹರಿದಾಗ ಆ ಗುಪ್ಪೆಗಳೂ ಇಲ್ಲ... ಆರಿನ್ನೂ ಇಲ್ಲ."

ಚೆನ್ನಾಗಿ ಹೆದರಿಸ್ತೀರಿ ಅಜ್ಜಿ ಅಂದ ಕೆಲ್ಬಿ. ಆದರೂ ಎದ್ದು ಹೆಂಡತಿಯ ಪಕ್ಕ ಹೋಗಿ ಕೂತ.

ಅರ್ಡಿತ್ ಹುಡುಗಿಯ ಕಡೆ ತಿರುಗಿದಳು. "ಇವನು ಬಿಟ್ಟು ಬಂದ ಮೇಲೆ ನೀನೆಲ್ಲಿ ಕೂತಿದ್ದೆ ಮಗಳೇ?"

ಮ್ಯಾರೆನ್ ಬೆಂಕಿ ನೋಡುತ್ತಲೇ ಹೇಳಿದಳು. "ಒಂದು ಗುಪ್ಪೆ ಹತ್ರ. ಆ ಮಳೇಲೂ ಕೈಯಿಟ್ಟರೆ ಕಲ್ಲು ಬೆಚ್ಚಗಿತ್ತು... ಮುಂದೆ ಇನ್ನೊಂದು ಕಾಣ್ತಿತ್ತು. ಅದರ ಕಡೆ ಹೊರಟಿದ್ದೆ. ಅಷ್ಟರಲ್ಲಿ ಕೆಳಗೆ ನಿಮ್ಮ ಹೇಸರಗತ್ತೆ ಗಂಟೆ ಕೇಳಿಸ್ತು, ಈ ಕಡೆ ಇಳಿದುಬಿಟ್ಟೆ."

ಕೆಲ್ಬಿ ಅವಳ ಕೈ ಹಿಡಿದುಕೊಂಡ. ಬೆರಳುಗಳು ತಣ್ಣಗಿದ್ದವು, ಅಂಗೈ ಮಾತ್ರ ಇನ್ನೂ ಬೆಚ್ಚಗಿತ್ತು.

"ನಾಳೆ ಇವಳ ಹಿಂದೆ ನಡಿ ಹುಡುಗಾ," ಅಂದಳು ಅರ್ಡಿತ್. "ನೀನು ಕಾಯದಿದ್ದರೆ... ಇವಳಿಗೆ ಕಾಯೋರು ಅಲ್ಲಿದ್ದಾರೆ."